ಗಡಿ ಕಾಯಲು ಸೈನಿಕರಿದ್ದಾರೆ, ಸಬ್‌ಸ್ಟೇಷನ್‌ನ ಕಂಪ್ಯೂಟರ್ ಕಾಯುವವರು ಯಾರು?

ಪ್ರಶ್ನೆ: ನಾನು 22 ವರ್ಷ ಸೇನೆಯಲ್ಲಿದ್ದು ಹವಾಲ್ದಾರ್ ಆಗಿ ನಿವೃತ್ತನಾದವನು. ಈಗ ಬೆಳಗಾವಿ ಹತ್ತಿರದ ನಮ್ಮ ಊರಲ್ಲೇ ಇದ್ದೇನೆ. ಮಗ ಸಬ್‌ಸ್ಟೇಷನ್‌ನಲ್ಲಿ ಆಪರೇಟರ್. ಗಡಿಯಲ್ಲಿ ನಿಂತಾಗ ಶತ್ರು ಯಾವ ಕಡೆಯಿಂದ ಬರಬಹುದು ಅಂತ ನಮಗೆ ಅಂದಾಜು ಇರುತ್ತಿತ್ತು. ಈಗ ಕಂಪ್ಯೂಟರ್‌ನಲ್ಲೂ ಯುದ್ಧ ಅಂತಾರೆ, ಅದಕ್ಕೆ ರಾಷ್ಟ್ರೀಯ ಸೈಬರ್ ಭದ್ರತಾ ನೀತಿ ಇದೆ ಅಂತಾರೆ. ದೆಹಲಿಯಲ್ಲಿ ಬರೆದಿಟ್ಟ ಒಂದು ಫೈಲು ದೇಶವನ್ನು ಹೇಗೆ ಕಾಯುತ್ತದೆ? ದಾಳಿಯಾದರೆ ಸೇನೆ ಬರುತ್ತದೋ, ಪೊಲೀಸರು ಬರುತ್ತಾರೋ? ನನ್ನ ಮಗನ ಕೆಲಸಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯಾ?

ಉತ್ತರ: ಸರ್, ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಉಳಿದೆರಡಕ್ಕೂ ಉತ್ತರ ಅದರೊಳಗೇ ಇದೆ.

2015ರ ಡಿಸೆಂಬರ್ 23, ಮಧ್ಯಾಹ್ನ ಮೂರೂವರೆ ಸುಮಾರು. ಪಶ್ಚಿಮ ಉಕ್ರೇನಿನ ಒಂದು ವಿದ್ಯುತ್ ಕಂಪನಿಯ ಕಂಟ್ರೋಲ್ ರೂಮ್. ನಿಮ್ಮ ಮಗನಂಥ ಒಬ್ಬ ಆಪರೇಟರ್ ಶಿಫ್ಟ್ ಮುಗಿಸುವ ಹೊತ್ತು. ಇದ್ದಕ್ಕಿದ್ದ ಹಾಗೆ ಅವನ ಪರದೆಯ ಮೇಲೆ ಮೌಸಿನ ಬಾಣ ತಾನಾಗಿಯೇ ಓಡಾಡೋಕೆ ಶುರುವಾಯಿತು. ಒಂದು ಬ್ರೇಕರ್, ಅಂದರೆ ಲೈನ್ ಆನ್-ಆಫ್ ಮಾಡುವ ದೊಡ್ಡ ಸ್ವಿಚ್‌ನ ಗುರುತಿನ ಮೇಲೆ ಹೋಗಿ ಕ್ಲಿಕ್ ಮಾಡಿತು, ಆ ಲೈನ್ ಆಫ್. ಇವನು ಮೌಸ್ ಹಿಡಿದು ಎಳೆದ, ಅದು ಕೇಳಲಿಲ್ಲ. ನೋಡನೋಡುತ್ತಲೇ ಕಂಪ್ಯೂಟರ್ ಇವನನ್ನು ಹೊರಗೆ ಹಾಕಿತು. ಮತ್ತೆ ಒಳಗೆ ಹೋಗೋಣ ಅಂದರೆ ಪಾಸ್‌ವರ್ಡ್ ಬದಲಾಗಿತ್ತು. ಅವತ್ತು ಮೂರು ವಿತರಣಾ ಕಂಪನಿಗಳ ಮೇಲೆ ಒಟ್ಟೊಟ್ಟಿಗೆ ದಾಳಿ ನಡೆದು, ಸುಮಾರು 30 ಸಬ್‌ಸ್ಟೇಷನ್‌ಗಳು ಕಡಿದುಹೋಗಿ, ಹತ್ತಿರಹತ್ತಿರ 2,25,000 ಗ್ರಾಹಕರಿಗೆ ಕರೆಂಟ್ ಹೋಯಿತು. ಅದೂ ಡಿಸೆಂಬರ್ ತಿಂಗಳ ಚಳಿಯಲ್ಲಿ. ದಾಳಿ ಮಾಡಿದವರು ಅಷ್ಟಕ್ಕೇ ನಿಲ್ಲಲಿಲ್ಲ. ಜನ ದೂರು ಕೊಡೋಕೆ ಫೋನ್ ಮಾಡಿದರೆ ಸಿಗಬಾರದು ಅಂತ ಕಾಲ್ ಸೆಂಟರ್‌ಗೆ ಸುಳ್ಳು ಕರೆಗಳನ್ನು ಸುರಿದರು. ಕಂಟ್ರೋಲ್ ರೂಮಿನ ಯುಪಿಎಸ್ ಕೂಡ ಆಫ್ ಆಗುವ ಹಾಗೆ ಮೊದಲೇ ಏರ್ಪಾಡು ಮಾಡಿದ್ದರು. ದೂರದಿಂದ ಮತ್ತೆ ಆನ್ ಮಾಡಲು ಬೇಕಾದ ಉಪಕರಣಗಳ ಒಳಗಿನ ಸಾಫ್ಟ್‌ವೇರನ್ನೇ ಅಳಿಸಿಹಾಕಿದ್ದರು.

ಇಷ್ಟೆಲ್ಲ ಮಾಡಿದವರು ಒಳಗೆ ಬಂದಿದ್ದು ಹೇಗೆ ಗೊತ್ತಾ? ಅದಕ್ಕೆ ಎಷ್ಟೋ ತಿಂಗಳ ಮುಂಚೆ ಕಚೇರಿಯ ಸಿಬ್ಬಂದಿಗೆ ಬಂದ ಇಮೇಲ್‌ನಲ್ಲಿದ್ದ ಒಂದು ವರ್ಡ್ ಫೈಲ್. ತೆರೆದವರು ಅದು ಕೇಳಿದ ಬಟನ್ ಒತ್ತಿದರು, ಅಷ್ಟೇ. ಆಮೇಲೆ ಅವರು ಒಳಗೇ ಕೂತು ಯಾವ ಸ್ವಿಚ್ ಎಲ್ಲಿದೆ, ಯಾರು ಯಾವಾಗ ಲಾಗಿನ್ ಆಗುತ್ತಾರೆ ಅಂತ ತಿಂಗಳುಗಟ್ಟಲೆ ನೋಡಿಕೊಂಡಿದ್ದರು.

ಆದರೆ ಕರೆಂಟ್ ಆರು ಗಂಟೆಯೊಳಗೆ ವಾಪಸ್ ಬಂತು. ಲೈನ್‌ಮನ್‌ಗಳು ಗಾಡಿ ಹತ್ತಿ ಸಬ್‌ಸ್ಟೇಷನ್‌ಗಳಿಗೆ ಹೋಗಿ ಕೈಯಿಂದಲೇ ಬ್ರೇಕರ್ ಹಾಕಿದರು. ಹಳೇ ಕಾಲದ ವ್ಯವಸ್ಥೆ ಇನ್ನೂ ಉಳಿದಿತ್ತು, ಅದನ್ನು ಓಡಿಸೋದು ಗೊತ್ತಿದ್ದ ಜನರೂ ಇದ್ದರು. ಎಲ್ಲವನ್ನೂ ಪೂರ್ತಿ ಆಟೋಮ್ಯಾಟಿಕ್ ಮಾಡಿಕೊಂಡ ದೇಶವಾಗಿದ್ದರೆ ಇಷ್ಟು ಬೇಗ ಎದ್ದು ನಿಲ್ಲುತ್ತಿರಲಿಲ್ಲ ಅಂತ ಆಗ ತಜ್ಞರೇ ಹೇಳಿದ್ದರು.

ಈಗ ನೀವೇ ನೋಡಿ. ಈ ಇಡೀ ಕಥೆಯಲ್ಲಿ ದಾಳಿ ಎದುರಿಸಿದ ಕಡೆಯವರಲ್ಲಿ ಒಬ್ಬನೂ ಸಮವಸ್ತ್ರದವನಲ್ಲ. ಇಮೇಲ್ ತೆರೆದವರು, ಪರದೆ ಮುಂದೆ ಕೂತಿದ್ದವನು, ಕೊನೆಗೆ ಪರಿಸ್ಥಿತಿ ಉಳಿಸಿದ ಲೈನ್‌ಮನ್, ಎಲ್ಲರೂ ಸಂಬಳಕ್ಕೆ ದುಡಿಯುವ ನಾಗರಿಕರು. ಸೈಬರ್ ದಾಳಿಯಲ್ಲಿ ಗಡಿ ಅನ್ನೋದು ಬ್ಯಾಂಕಿನ ಸರ್ವರ್ ಒಳಗೆ, ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ, ನಾವು ಇವತ್ತಿಗೂ ಕೆಇಬಿ ಅಂತಲೇ ಕರೆಯುವ ಕಚೇರಿಯಲ್ಲಿ ಹಾದುಹೋಗುತ್ತದೆ. ಅಲ್ಲೆಲ್ಲ ಒಬ್ಬೊಬ್ಬ ಜವಾನನನ್ನು ನಿಲ್ಲಿಸೋಕೆ ಆಗಲ್ಲ. ಅದಕ್ಕೇ ನೀತಿ ಬೇಕಾಗಿರೋದು.

ನೀವು ಪಹರೆ ನಿಂತವರು. ‘ಥಮ್! ಕೌನ್ ಆತಾ ಹೈ’ ಅಂತ ಕೂಗುವ ಮುಂಚೆ ಎಷ್ಟೋ ಸಂಗತಿ ತೀರ್ಮಾನ ಆಗಿರುತ್ತದೆ ಅಲ್ವಾ? ಯಾರು ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ನಿಲ್ಲಬೇಕು, ಅನುಮಾನ ಬಂದರೆ ಯಾರನ್ನು ಎಬ್ಬಿಸಬೇಕು, ವೈರ್‌ಲೆಸ್ ಕೆಟ್ಟರೆ ಸುದ್ದಿ ಮುಟ್ಟಿಸೋದು ಹೇಗೆ, ಪೋಸ್ಟ್ ಬಿಡಬೇಕಾದರೆ ಹಿಂದಕ್ಕೆ ಎಲ್ಲಿಗೆ. ಇದನ್ನೆಲ್ಲ ಆ ರಾತ್ರಿ ಕೂತು ಯೋಚಿಸೋಕೆ ಆಗಲ್ಲ. ಸೈಬರ್ ಭದ್ರತಾ ನೀತಿ ಅಂದರೆ ಆ ಡ್ಯೂಟಿ ಪಟ್ಟಿಯೇ, ಇಡೀ ದೇಶಕ್ಕೆ ಬರೆದದ್ದು. ಪಟ್ಟಿ ಗುಂಡು ಹಾರಿಸಲ್ಲ, ನಿಜ. ಆದರೆ ಪಟ್ಟಿ ಇಲ್ಲದ ಕಡೆ ಎಲ್ಲರೂ ‘ಇನ್ನೊಬ್ಬ ನಿಂತಿದ್ದಾನೆ ಬಿಡು’ ಅಂತ ಮಲಗಿಬಿಡುತ್ತಾರೆ.

ನಮ್ಮ ದೇಶದ ಪಟ್ಟಿ ಹೇಗಿದೆ ಅಂತ ಈಗ ಹೇಳುತ್ತೇನೆ, ಸ್ವಲ್ಪ ಬೇಜಾರಾಗಬಹುದು.

ಅಡಿಪಾಯ ಹಾಕಿದ್ದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ. 2004ರಲ್ಲಿ ಸರ್ಟ್-ಇನ್ ಅನ್ನುವ ಕೇಂದ್ರ ಸರ್ಕಾರದ ಸಂಸ್ಥೆ ಕೆಲಸ ಶುರು ಮಾಡಿತು. ಕಂಪ್ಯೂಟರ್ ಲೋಕದ ಫೈರ್ ಬ್ರಿಗೇಡ್ ಅಂತ ಇಟ್ಟುಕೊಳ್ಳಿ. ಕಾಯ್ದೆಗೆ 2008ರಲ್ಲಿ ತಿದ್ದುಪಡಿ ತಂದು ಸೈಬರ್ ಭಯೋತ್ಪಾದನೆಗೆ ಜೀವಾವಧಿ ಶಿಕ್ಷೆಯವರೆಗೂ ಅವಕಾಶ ಮಾಡಿದರು. 2013ರ ಜುಲೈ 2ರಂದು ರಾಷ್ಟ್ರೀಯ ಸೈಬರ್ ಭದ್ರತಾ ನೀತಿ ಹೊರಬಂತು. ಅಮೆರಿಕದ ಗುಪ್ತಚರ ದಾಖಲೆಗಳನ್ನು ಬಯಲು ಮಾಡಿದ ಸ್ನೋಡೆನ್ ಪ್ರಕರಣ ಸಿಡಿದು ಆಗ ಇನ್ನೂ ಒಂದು ತಿಂಗಳಾಗಿತ್ತು. ಅಮೆರಿಕ ಯಾರ್ಯಾರ ಮೇಲೆ ಕಣ್ಣಿಟ್ಟಿದೆ ಅಂತ ಪತ್ರಿಕೆಗಳ ತುಂಬಾ ಸುದ್ದಿ. ಕರಡು 2011ರಿಂದಲೇ ಓಡಾಡುತ್ತಿತ್ತು, ಆದರೆ ಅದು ಕಪಾಟಿನಿಂದ ಕೆಳಗಿಳಿದದ್ದು ಆ ಗದ್ದಲದಲ್ಲಿ.

ನಾನು ಆ ನೀತಿಯನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕ ಇಲ್ಲ. ತುಂಬಾ ಚಿಕ್ಕದು, ಚಹಾ ಆರುವಷ್ಟರಲ್ಲಿ ಓದಿ ಮುಗಿಸಬಹುದು. 14 ಉದ್ದೇಶಗಳಿವೆ. ಪ್ರತಿ ಸಂಸ್ಥೆಯಲ್ಲೂ ಭದ್ರತೆಗೆ ಹೊಣೆ ಹೊರುವ ಒಬ್ಬ ಹಿರಿಯ ಅಧಿಕಾರಿ ಇರಬೇಕು, ಅದಕ್ಕೆ ಬೇರೆಯೇ ಹಣ ಇಡಬೇಕು, ಐದು ವರ್ಷದಲ್ಲಿ 5 ಲಕ್ಷ ನುರಿತ ಜನರನ್ನು ತಯಾರು ಮಾಡಬೇಕು, ಸ್ವದೇಶಿ ತಂತ್ರಜ್ಞಾನ ಬೆಳೆಸಬೇಕು. ಎಲ್ಲವೂ ಸರಿಯಾದ ಮಾತೇ. ಆದರೆ ಮಾಡದಿದ್ದರೆ ಏನಾಗುತ್ತದೆ ಅಂತ ಎಲ್ಲೂ ಇಲ್ಲ. ಎಷ್ಟು ಹಣ ಅಂತ ಇಲ್ಲ, ಆ ಐದು ವರ್ಷದ ಗುರಿ ಬಿಟ್ಟರೆ ಯಾವ ತಾರೀಖಿನೊಳಗೆ ಅಂತಲೂ ಇಲ್ಲ. ನೀತಿಗೆ ಕಾನೂನಿನ ಬಲ ಇರಲ್ಲ ನೋಡಿ. ಹೀಗಾಗಿ ನನಗೆ ಅದು ಡ್ಯೂಟಿ ಪಟ್ಟಿಗಿಂತ ಹೊಸ ವರ್ಷದ ಸಂಕಲ್ಪದ ಪಟ್ಟಿಯ ಹಾಗೇ ಜಾಸ್ತಿ ಕಾಣುತ್ತದೆ. ಇನ್ನೊಂದು ಸಂಗತಿ, ಅದನ್ನು ಹೊರಡಿಸಿದ್ದು ರಕ್ಷಣಾ ಸಚಿವಾಲಯ ಅಲ್ಲ, ಎಲೆಕ್ಟ್ರಾನಿಕ್ಸ್ ಮತ್ತು ಐಟಿ ಇಲಾಖೆ. ಓದುವಾಗ ಅದು ಗೊತ್ತಾಗುತ್ತದೆ. ವ್ಯಾಪಾರ ವ್ಯವಹಾರ ಸುಗಮವಾಗಿ ನಡೆಯಲಿ ಅನ್ನುವ ಕಾಳಜಿ ಎದ್ದು ಕಾಣುತ್ತದೆ, ಯುದ್ಧ ಬಂದರೆ ಏನು ಅನ್ನುವುದು ಅಂಚಿನಲ್ಲೇ ಉಳಿದಿದೆ.

2020ರ ಆಗಸ್ಟ್ 15ರಂದು ಕೆಂಪುಕೋಟೆಯ ಮೇಲಿಂದ ಪ್ರಧಾನಿ ಮೋದಿ ಹೊಸ ಸೈಬರ್ ಭದ್ರತಾ ನೀತಿ ಬರಲಿದೆ ಅಂದರು. ಕರಡೂ ತಯಾರಾಗಿತ್ತು. ಆದರೆ ಇದನ್ನು ಬರೆಯುವವರೆಗೂ 2013ರ ಜಾಗಕ್ಕೆ ಹೊಸ ನೀತಿ ಅಂತ ಸಾರ್ವಜನಿಕರ ಕೈಗೆ ಬಂದಿಲ್ಲ. ಆ 2013ರಲ್ಲಿ ಯುಪಿಐ ಇರಲಿಲ್ಲ ಸರ್. ಈಗ ಬೆಳಗಾವಿಯ ಸಂತೆಯಲ್ಲಿ ಕೊತ್ತಂಬರಿ ಸೊಪ್ಪು ಮಾರುವ ಅಜ್ಜಿಯೂ ಕ್ಯೂಆರ್ ಕೋಡ್ ಇಟ್ಟಿರುತ್ತಾಳೆ. ಕಾಯಬೇಕಾದ ಮನೆ ಹತ್ತು ಪಟ್ಟು ದೊಡ್ಡದಾಗಿದೆ, ಪಟ್ಟಿ ಮಾತ್ರ ಹಳೆಯದು.

ಹಾಗಂತ ಸರ್ಕಾರ ಸುಮ್ನೆ ಕೂತಿಲ್ಲ. ಮನೆಯ ನಕ್ಷೆ ಬದಲಿಸದೆ ಒಂದೊಂದೇ ಕೋಣೆ ಸೇರಿಸಿದ ಹಾಗೆ ಕೆಲಸ ನಡೆದಿದೆ. 2014ರ ಜನವರಿಯಲ್ಲಿ ಎನ್‌ಸಿಐಐಪಿಸಿ ಅನ್ನುವ ಕೇಂದ್ರ ಬಂತು. ಬಾಯಿ ತಿರುಗದ ಹೆಸರು. ಕೆಲಸ ಇಷ್ಟೇ: ವಿದ್ಯುತ್, ಬ್ಯಾಂಕು, ಟೆಲಿಕಾಂ, ಸಾರಿಗೆಯಂಥ ಕ್ಷೇತ್ರಗಳಲ್ಲಿ ಯಾವ ಕಂಪ್ಯೂಟರ್ ವ್ಯವಸ್ಥೆ ಬಿದ್ದರೆ ದೇಶವೇ ತತ್ತರಿಸುತ್ತದೋ ಅದನ್ನು ಗುರುತಿಸಿ ಕಾಪಾಡುವುದು. ಇದು ತಾಂತ್ರಿಕ ಗುಪ್ತಚರ ಸಂಸ್ಥೆ ಎನ್‌ಟಿಆರ್‌ಒ ಕೆಳಗೆ ಬರುತ್ತದೆ. 2020ರ ಡಿಸೆಂಬರಿನಲ್ಲಿ ಟೆಲಿಕಾಂ ಕಂಪನಿಗಳು ನಂಬಿಕಸ್ಥ ಮೂಲಗಳಿಂದ ಮಾತ್ರ ಉಪಕರಣ ತರಬೇಕು ಅನ್ನುವ ನಿರ್ದೇಶನಕ್ಕೆ ಸರ್ಕಾರ ಒಪ್ಪಿಗೆ ಕೊಟ್ಟಿತು, ಅದು 2021ರ ಜೂನ್‌ನಿಂದ ಜಾರಿಗೆ ಬಂತು. ಒಪ್ಪಿಗೆ ಕೊಟ್ಟ 2020 ಚೀನಾ ಜೊತೆ ಗಲ್ವಾನ್ ಘರ್ಷಣೆ ಆದ ವರ್ಷ, ಹೇಳಬೇಕಾಗಿಲ್ಲ. 2021ರ ಅಕ್ಟೋಬರಿನಲ್ಲಿ ವಿದ್ಯುತ್ ಕ್ಷೇತ್ರಕ್ಕೇ ಬೇರೆ ಮಾರ್ಗಸೂಚಿ ಬಂತು. ಇದು ನಿಮ್ಮ ಮಗನಿಗೆ ನೇರವಾಗಿ ಬೇಕಾದದ್ದು, ಕೊನೆಯಲ್ಲಿ ಹೇಳುತ್ತೇನೆ.

ಇವೆಲ್ಲದರಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಕೇಳೋಕೆ ತೀರಾ ಸಪ್ಪೆಯಾದ ಒಂದು ನಿಯಮ. 2022ರ ಏಪ್ರಿಲ್ 28ರಂದು ಸರ್ಟ್-ಇನ್ ಹೊರಡಿಸಿದ್ದು. ದಾಳಿಯಾದದ್ದು ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು. ಕಂಪ್ಯೂಟರ್‌ಗಳ ಲಾಗ್, ಅಂದರೆ ಯಾರು ಯಾವಾಗ ಬಂದರು ಹೋದರು ಅನ್ನುವ ದಾಖಲೆಯನ್ನು 180 ದಿನ ಇಡಬೇಕು. ಇದು ಕಾಯ್ದೆಯ ಅಡಿಯಲ್ಲೇ ಬಂದದ್ದರಿಂದ ಪಾಲಿಸದವರಿಗೆ ಜೈಲು ಶಿಕ್ಷೆಗೂ ಅವಕಾಶ ಇದೆ. ಕಂಪನಿಗಳು ಬೊಬ್ಬೆ ಹೊಡೆದವು. 6 ಗಂಟೆ ಸಾಲಲ್ಲ, ಯುರೋಪಿನಲ್ಲಿ 72 ಗಂಟೆ ಕೊಡ್ತಾರೆ ಅಂತ. ಅದೇ ಆದೇಶದಲ್ಲಿ ಗ್ರಾಹಕರ ವಿವರವನ್ನು ಐದು ವರ್ಷ ಇಡಬೇಕು ಅಂದದ್ದಕ್ಕೆ ಇಂಟರ್ನೆಟ್‌ನಲ್ಲಿ ಗುರುತು ಮರೆಮಾಡುವ ಸೇವೆ ಕೊಡುವ ಕೆಲವು ದೊಡ್ಡ ವಿಪಿಎನ್ ಕಂಪನಿಗಳು ಭಾರತದಿಂದ ಸರ್ವರ್‌ಗಳನ್ನೇ ಎತ್ತಿಕೊಂಡು ಹೋದವು. ಆ ವಿಪಿಎನ್ ಭಾಗದ ಬಗ್ಗೆ ನನಗೂ ತಕರಾರಿದೆ, ಜನರ ಖಾಸಗಿತನದ ಪ್ರಶ್ನೆ ಅದು, ಅದನ್ನು ಇನ್ನೊಮ್ಮೆ ಮಾತಾಡೋಣ. ಆದರೆ 6 ಗಂಟೆಯ ನಿಯಮವನ್ನು ನಾನು ಬೆಂಬಲಿಸುತ್ತೇನೆ. ಯಾಕೆ ಅಂದರೆ ನಮ್ಮಲ್ಲಿ ದಾಳಿಗಿಂತ ದೊಡ್ಡ ಕಾಯಿಲೆ ಮುಚ್ಚಿಡುವುದು.

ಕೆಲವು ವರ್ಷಗಳ ಹಿಂದೆ ಒಂದು ಕಚೇರಿಗೆ ಆಡಿಟ್ ಮಾಡೋಕೆ ಹೋಗಿದ್ದೆ. ಯಾವುದು ಅಂತ ಬೇಡ. ಸರ್ವರ್ ಮೇಲೆ ಆಯುಧ ಪೂಜೆಯ ಕುಂಕುಮ ಇತ್ತು, ಪಕ್ಕದಲ್ಲಿ ಒಣಗಿದ ನಿಂಬೆಹಣ್ಣು. ಅದಕ್ಕೆ ನನ್ನ ಆಕ್ಷೇಪ ಇಲ್ಲ, ನಮ್ಮ ಮನೆ ಸ್ಕೂಟರಿಗೂ ಮಾಡ್ತೀವಿ. ಆದರೆ ಪೂಜೆಯನ್ನು ಒಂದು ವರ್ಷವೂ ತಪ್ಪಿಸದವರು ಅಪ್‌ಡೇಟ್ ಹಾಕಿ ಎರಡು ವರ್ಷ ದಾಟಿತ್ತು. ಲಾಗ್ ತೋರಿಸಿ ಅಂದರೆ ಮೂರು ದಿನದ್ದು ಮಾತ್ರ ಇತ್ತು, ಜಾಗ ಸಾಲದೆ ಹಳೆಯದು ತಾನಾಗೇ ಅಳಿಯುತ್ತಿತ್ತಂತೆ. ಊಟದ ಹೊತ್ತಿಗೆ ಸ್ವಲ್ಪ ಸಲಿಗೆ ಬೆಳೆದ ಮೇಲೆ ಅಲ್ಲಿನ ಹುಡುಗನೊಬ್ಬ ಮೆತ್ತಗೆ ಹೇಳಿದ, ಹಿಂದಿನ ವರ್ಷ ಎಲ್ಲ ಫೈಲುಗಳೂ ಲಾಕ್ ಆಗಿ ದುಡ್ಡು ಕೇಳುವ ಸಂದೇಶ ಬಂದಿತ್ತು ಅಂತ. ಏನು ಮಾಡಿದಿರಿ? ಫಾರ್ಮ್ಯಾಟ್ ಹೊಡೆದೆವು. ಯಾರಿಗಾದರೂ ಹೇಳಿದಿರಾ? ‘ಹೇಳಿದರೆ ಮೆಮೊ ಬರುತ್ತೆ ಸರ್.’

ಆ ಹುಡುಗನನ್ನು ಬೈಯೋದು ಸುಲಭ. ಆದರೆ ಅವನು ಅವತ್ತೇ ಹೇಳಿದ್ದರೆ, ಅದೇ ದಾರಿಯಲ್ಲಿ ಬರುವ ಕಳ್ಳನನ್ನು ಇನ್ನಷ್ಟು ಕಚೇರಿಗಳು ತಡೆಯಬಹುದಿತ್ತು. ಒಂದು ಪೋಸ್ಟಿಗೆ ನುಸುಳುಕೋರ ಬಂದದ್ದನ್ನು ಪಕ್ಕದ ಪೋಸ್ಟಿಗೆ ಹೇಳದಿದ್ದರೆ ಸೇನೆಯಲ್ಲಿ ಏನಾಗುತ್ತದೆ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ದಂಡದ ಭಯ ಹುಟ್ಟಿಸುವ ನಿಯಮದ ಜೊತೆಗೇ, ಹೇಳಿದವನಿಗೆ ಮೆಮೊ ಬರಲ್ಲ ಅನ್ನುವ ಭರವಸೆಯೂ ಬರೆದಿರಬೇಕು. ನಮ್ಮ ನೀತಿಯಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಅದು.

ದೊಡ್ಡ ಸಂಸ್ಥೆಗಳೂ ಹೀಗೇ. ಕೂಡಂಕುಳಂ ಅಣು ವಿದ್ಯುತ್ ಸ್ಥಾವರ ನೆನಪಿಸಿಕೊಳ್ಳಿ. 2019ರ ಅಕ್ಟೋಬರ್ 29ರಂದು ದಾಳಿಯ ಸುದ್ದಿ ಸುಳ್ಳು ಅಂತ ಸ್ಥಾವರ ಹೇಳಿತು. ಮರುದಿನವೇ ಅಣು ವಿದ್ಯುತ್ ನಿಗಮ ಒಪ್ಪಿಕೊಂಡಿತು: ಹೌದು, ಮಾಲ್‌ವೇರ್ (ಕೇಡು ಮಾಡುವ ಸಾಫ್ಟ್‌ವೇರ್) ಇತ್ತು, ಸೆಪ್ಟೆಂಬರ್ 4ಕ್ಕೇ ಸರ್ಟ್-ಇನ್ ತಿಳಿಸಿತ್ತು, ಆದರೆ ಅದು ಆಡಳಿತ ಕೆಲಸದ ಕಂಪ್ಯೂಟರ್, ರಿಯಾಕ್ಟರ್ ನಡೆಸುವ ಜಾಲ ಬೇರೆಯೇ ಇದೆ ಅಂತ. ಬೇರೆ ಜಾಲ ಅನ್ನುವುದು ದೊಡ್ಡ ಸಮಾಧಾನ, ನಿಜ. ಆದರೆ ಇರಾನಿನ ನತಾಂಜ್ ಸ್ಥಾವರವೂ ಇಂಟರ್ನೆಟ್‌ನಿಂದ ಬೇರೆಯೇ ಇತ್ತು. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಅನ್ನುವ ಮಾಲ್‌ವೇರ್ ಅಲ್ಲಿಗೂ ಹೊಕ್ಕಿ ಯುರೇನಿಯಂ ಪುಷ್ಟೀಕರಿಸುವ ಯಂತ್ರಗಳನ್ನು ಹಾಳುಗೆಡವಿತು. ಯುಎಸ್‌ಬಿ ಕಡ್ಡಿಯಿಂದಲೂ ಹರಡುವ ಹಾಗೆಯೇ ಅದನ್ನು ಹೆಣೆದಿದ್ದರು.

ದೆಹಲಿಯ ಏಮ್ಸ್ ಆಸ್ಪತ್ರೆಯ ಕಥೆ ನಿಮಗೆ ಗೊತ್ತಿರುತ್ತದೆ. 2022ರ ನವೆಂಬರ್ 23. ಐದು ಸರ್ವರ್, ಸುಮಾರು 1.3 ಟೆರಾಬೈಟ್ ಮಾಹಿತಿ ಲಾಕ್ ಆಯಿತು. ದಿನಗಟ್ಟಲೆ ಚೀಟಿ, ಪೆನ್ನಿನಲ್ಲೇ ಆಸ್ಪತ್ರೆ ನಡೆಯಿತು. ನೆಟ್‌ವರ್ಕ್ ಸರಿಯಾಗಿ ವಿಂಗಡಿಸಿರಲಿಲ್ಲ, ಅದೇ ಕಾರಣ ಅಂತ ಸರ್ಕಾರ ಸಂಸತ್ತಿನಲ್ಲಿ ಹೇಳಿತು. ಕನ್ನಡದಲ್ಲಿ ಹೇಳಬೇಕಂದ್ರೆ, ಮನೆಗೆ ಮುಂಬಾಗಿಲು ಇತ್ತು, ಒಳಗಿನ ಕೋಣೆಗಳಿಗೆ ಬಾಗಿಲೇ ಇರಲಿಲ್ಲ.

ಸರಿ, ನಿಮ್ಮ ಇನ್ನೊಂದು ಪ್ರಶ್ನೆ. ದಾಳಿಯಾದರೆ ಯಾರು ಬರುತ್ತಾರೆ?

ನಿಮ್ಮ ಖಾತೆಯಿಂದ ದುಡ್ಡು ಹೋದರೆ 1930ಕ್ಕೆ ಫೋನ್ ಮಾಡಿ, ಆಮೇಲೆ ಪೊಲೀಸರು. ಅದು ಗೃಹ ಸಚಿವಾಲಯದ ದಾರಿ. ಈ ವಿಷಯದಲ್ಲಿ ನಾವು ಹೆಮ್ಮೆಪಡಬಹುದು, ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಬೆಂಗಳೂರಿನಲ್ಲೇ ಶುರುವಾದದ್ದು. ಕಂಪನಿ ಅಥವಾ ಇಲಾಖೆಯ ಜಾಲಕ್ಕೆ ದಾಳಿಯಾದರೆ ಸರ್ಟ್-ಇನ್, ಅದು ಐಟಿ ಸಚಿವಾಲಯದ್ದು. ದೇಶಕ್ಕೇ ಮುಖ್ಯವಾದ ವ್ಯವಸ್ಥೆಯಾದರೆ ಎನ್‌ಸಿಐಐಪಿಸಿ. ಟೆಲಿಕಾಂ ಜಾಲವಾದರೆ ದೂರಸಂಪರ್ಕ ಇಲಾಖೆ. ಸೇನೆಯ ಸ್ವಂತ ಜಾಲವಾದರೆ ಡಿಫೆನ್ಸ್ ಸೈಬರ್ ಏಜೆನ್ಸಿ. ಹತ್ತು ಜನ ಸೇರಿದರೆ ಹಾವು ಸಾಯಲ್ಲ ಅಂತ ನಮ್ಮಲ್ಲಿ ಗಾದೆ ಇದೆಯಲ್ಲ, ಹಾಗೇ ಆಗುತ್ತಿತ್ತು. ಇದನ್ನೆಲ್ಲ ಒಂದು ದಾರಕ್ಕೆ ಪೋಣಿಸಲು 2015ರಲ್ಲಿ ರಾಷ್ಟ್ರೀಯ ಸೈಬರ್ ಭದ್ರತಾ ಸಂಯೋಜಕ ಅನ್ನುವ ಹುದ್ದೆಗೆ ಗುಲ್ಶನ್ ರಾಯ್ ಅವರನ್ನು ತಂದರು. ಅವರ ನಂತರ ಬಂದ ಇಬ್ಬರು ಸೇನೆಯ ಲೆಫ್ಟಿನೆಂಟ್ ಜನರಲ್ ದರ್ಜೆಯವರು. ಆದರೂ ಯಾರ ಮಾತು ಕೊನೆ ಅನ್ನೋದು ಕಾಗದದ ಮೇಲೆ ಸ್ಪಷ್ಟ ಆದದ್ದು 2024ರ ಸೆಪ್ಟೆಂಬರಿನಲ್ಲಿ. ಸರ್ಕಾರದ ಕೆಲಸ ಹಂಚಿಕೆ ನಿಯಮ ತಿದ್ದಿ, ಒಟ್ಟಾರೆ ಸಮನ್ವಯ ರಾಷ್ಟ್ರೀಯ ಭದ್ರತಾ ಮಂಡಳಿಯ ಸಚಿವಾಲಯದ್ದು ಅಂತ ಬರೆದರು. ಇಂಥ ತಿದ್ದುಪಡಿ ಟಿವಿಯಲ್ಲಿ ಬರಲ್ಲ. ನನ್ನನ್ನು ಕೇಳಿದರೆ ಹತ್ತು ಭಾಷಣಕ್ಕಿಂತ ಅದು ಜಾಸ್ತಿ ಕೆಲಸದ್ದು.

ಹಾಗಾಗಿ ಸಬ್‌ಸ್ಟೇಷನ್‌ಗೆ ಸೇನೆ ಬರಲ್ಲ ಸರ್. ಸೇನೆಗೆ ಅದರದ್ದೇ ಕೆಲಸ ಇದೆ. ಡಿಫೆನ್ಸ್ ಸೈಬರ್ ಏಜೆನ್ಸಿಯಲ್ಲಿ ಭೂಸೇನೆ, ನೌಕಾಪಡೆ, ವಾಯುಪಡೆ ಮೂರರವರೂ ಇದ್ದಾರೆ. 2019ರಲ್ಲಿ ನೌಕಾಪಡೆಯ ರಿಯರ್ ಅಡ್ಮಿರಲ್ ಮೋಹಿತ್ ಗುಪ್ತಾ ಅದರ ಮೊದಲ ಮುಖ್ಯಸ್ಥರಾದರು. ಇವತ್ತು ರಾಡಾರ್, ಡ್ರೋನ್, ಕ್ಷಿಪಣಿ ಎಲ್ಲದರ ಹೊಟ್ಟೆಯಲ್ಲೂ ಸಾಫ್ಟ್‌ವೇರ್ ಇದೆ, ಅದನ್ನು ಕಾಯಬೇಕು. ಬೇಕಾದಾಗ ತಿರುಗೇಟು ಕೊಡಲೂ ತಯಾರಿರಬೇಕು. 2024ರ ಜೂನ್‌ನಲ್ಲಿ, ಆಗ ರಕ್ಷಣಾ ಪಡೆಗಳ ಮುಖ್ಯಸ್ಥರಾಗಿದ್ದ ಜನರಲ್ ಅನಿಲ್ ಚೌಹಾಣ್ ಸೈಬರ್ ಕಾರ್ಯಾಚರಣೆಗೆ ಮೂರೂ ಪಡೆಗಳಿಗೆ ಸೇರಿದ ಜಂಟಿ ಸಿದ್ಧಾಂತವನ್ನು ಬಿಡುಗಡೆ ಮಾಡಿದರು. ಮರುವರ್ಷ ಅದನ್ನು ಸಾರ್ವಜನಿಕರಿಗೂ ತೆರೆದರು. ನಮ್ಮವರು ಇಂಥದ್ದನ್ನು ಬಹಿರಂಗವಾಗಿ ಹೇಳಲು ಶುರು ಮಾಡಿರೋದು ಒಳ್ಳೆಯದೇ. ಎದುರಾಳಿಗೂ ಅದು ಕೇಳಿಸಬೇಕು.

‘ಹಾಗಾದರೆ ಅವರು ನಮಗೆ ಹೊಡೆದರೆ ನಾವೂ ಹೊಡೆದುಬಿಡೋಣ’ ಅಂತ ನಿಮ್ಮ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ. ತೊಂದರೆ ಏನಪ್ಪ ಅಂದರೆ, ಹೊಡೆದವನು ಯಾರು ಅಂತಲೇ ಗೊತ್ತಾಗಲ್ಲ. 2020ರ ಅಕ್ಟೋಬರ್ 12ರಂದು ಮುಂಬೈಯಲ್ಲಿ ಕರೆಂಟ್ ಹೋಗಿ ಲೋಕಲ್ ರೈಲುಗಳು ಹಳಿಯ ಮೇಲೇ ನಿಂತವು. ಮುಂದಿನ ವರ್ಷ ಅಮೆರಿಕದ ಒಂದು ಕಂಪನಿ ನಮ್ಮ ವಿದ್ಯುತ್ ಜಾಲದೊಳಗೆ ಚೀನಾ ಮೂಲದ ನುಸುಳುಕೋರರ ಗುರುತು ಕಂಡಿದೆ ಅಂತ ವರದಿ ಕೊಟ್ಟಿತು. ಮಹಾರಾಷ್ಟ್ರ ಸರ್ಕಾರ ಸೈಬರ್ ವಿಧ್ವಂಸ ಇರಬಹುದು ಅಂದಿತು. ಕೇಂದ್ರದ ವಿದ್ಯುತ್ ಸಚಿವರು ಅದು ಮನುಷ್ಯರ ತಪ್ಪು ಅಂದರು. ಒಂದೇ ದೇಶದ ಎರಡು ಸರ್ಕಾರಗಳಿಗೇ ಒಮ್ಮತ ಇಲ್ಲದಾಗ ಯಾರಿಗೆ ಅಂತ ಗುರಿ ಇಡೋದು?

ಇನ್ನೊಂದು ತೊಂದರೆ, ಈ ಆಯುಧಕ್ಕೆ ಹೋದ ದಾರಿ ಬಿಟ್ಟು ಬೇರೆಯವರ ಮನೆಗೆ ನುಗ್ಗುವ ಚಾಳಿ ಇದೆ. 2017ರ ಜೂನ್ 27ರಂದು ಉಕ್ರೇನಿನ ಮೇಲೆ ನಾಟ್‌ಪೆಟ್ಯಾ ಅನ್ನುವ ಮಾಲ್‌ವೇರನ್ನು ಬಿಟ್ಟರು. ಅಲ್ಲಿನವರು ತೆರಿಗೆ ಲೆಕ್ಕಕ್ಕೆ ಬಳಸುವ ಸಾಫ್ಟ್‌ವೇರಿನ ಅಪ್‌ಡೇಟ್‌ನಲ್ಲೇ ಅದನ್ನು ಸೇರಿಸಿದ್ದರು. ಅದು ಡೆನ್ಮಾರ್ಕಿನ ಹಡಗು ಕಂಪನಿ ಮೇರ್ಸ್ಕ್‌ನ ಜಾಲ ಹೊಕ್ಕು, ಅಲ್ಲಿಂದ ನಮ್ಮ ಮುಂಬೈ ಹತ್ತಿರದ ಜವಾಹರಲಾಲ್ ನೆಹರೂ ಬಂದರಿನಲ್ಲಿ ಅವರು ನಡೆಸುವ ಟರ್ಮಿನಲ್‌ಗೂ ಬಂತು. ನಮಗೂ ಆ ಜಗಳಕ್ಕೂ ಏನೇನೂ ಸಂಬಂಧ ಇರಲಿಲ್ಲ, ಕಂಟೇನರ್ ಮಾತ್ರ ನಮ್ಮದು ನಿಂತಿತು. ಅಂದ್ಹಾಗೆ, ಮೇರ್ಸ್ಕ್‌ನವರ ಇಡೀ ಜಾಲ ಮತ್ತೆ ಕಟ್ಟಲು ಬೇಕಾದ ಒಂದು ಮುಖ್ಯ ಸರ್ವರ್‌ನ ಪ್ರತಿ ಎಲ್ಲ ಕಡೆ ಅಳಿಸಿಹೋಗಿ, ಆಫ್ರಿಕಾದ ಘಾನಾದಲ್ಲಿ ಒಂದೇ ಒಂದು ಉಳಿದಿತ್ತಂತೆ. ಯಾಕೆ ಉಳಿಯಿತು? ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು! ಲೋಡ್ ಶೆಡ್ಡಿಂಗ್ ಬೈಯುವ ನಮ್ಮಂಥವರಿಗೆ ಇದು ಕೇಳಿ ನಗು ಬರದೇ ಇರದು.

ನೀತಿ ಬರೆಯೋದರಿಂದಲೇ ದೇಶ ಉಳಿದ ಉದಾಹರಣೆ ಇದೆಯಾ ಅಂತ ನೀವು ಕೇಳಬಹುದು. ಇದೆ, ಅದೂ ಉಕ್ರೇನಿನದ್ದೇ. ಸರ್ಕಾರದ ಮಾಹಿತಿಯನ್ನು ದೇಶದ ಹೊರಗೆ ಇಡಬಾರದು ಅಂತ ಅಲ್ಲಿ ಕಾನೂನು ಇತ್ತು. ಶಾಂತಿಕಾಲದಲ್ಲಿ ಅದು ಸರಿಯಾದ ಕಾನೂನು, ನಮ್ಮಲ್ಲೂ ಅದೇ ಮಾತು. 2022ರ ಫೆಬ್ರವರಿ 17ರಂದು ಅವರ ಸಂಸತ್ತು ಅದನ್ನು ಬದಲಿಸಿ ಮಾಹಿತಿಯನ್ನು ಕ್ಲೌಡ್‌ಗೆ, ಅಂದರೆ ಇಂಟರ್ನೆಟ್ ಮೂಲಕ ಬಳಸುವ ಬೇರೆ ಕಡೆಯ ಸರ್ವರ್‌ಗಳಿಗೆ ಕಳಿಸಲು ದಾರಿ ಮಾಡಿತು. ಏಳೇ ದಿನಕ್ಕೆ, ಫೆಬ್ರವರಿ 24ರಂದು ರಷ್ಯಾ ನುಗ್ಗಿತು. ಶುರುವಿನ ದಾಳಿಗಳಲ್ಲೇ ಒಂದು ಕ್ಷಿಪಣಿ ಸರ್ಕಾರದ ಡೇಟಾ ಸೆಂಟರಿಗೆ ಬಿತ್ತು. ಅಷ್ಟರಲ್ಲಿ ಮಾಹಿತಿಯನ್ನು ಹೊರದೇಶಗಳಿಗೆ ಸಾಗಿಸುವ ಕೆಲಸ ಶುರುವಾಗಿತ್ತು. ಯಾವ ಜಮೀನು ಯಾರದ್ದು, ಯಾರಿಗೆ ಪಿಂಚಣಿ ಬರಬೇಕು, ಈ ದಾಖಲೆಗಳೇ ಇಲ್ಲದಿದ್ದರೆ ಯುದ್ಧ ಗೆದ್ದೂ ದೇಶ ನಡೆಸೋಕೆ ಆಗಲ್ಲ. ನಮ್ಮ ಪಹಣಿ ಎಲ್ಲ ಒಂದೇ ದಿನ ಮಾಯವಾದರೆ ಹೇಗಿರುತ್ತದೆ ಅಂತ ಊಹಿಸಿ! ಒಂದು ಸಹಿಯಿಂದ ಆದದ್ದು ಅದು. ಎಸ್ಟೋನಿಯಾ ಇನ್ನೂ ಮುಂದಾಲೋಚನೆಯದ್ದು. 2007ರಲ್ಲಿ ವಾರಗಟ್ಟಲೆ ಸೈಬರ್ ದಾಳಿ ತಿಂದು ಬ್ಯಾಂಕು, ಪತ್ರಿಕೆ, ಸರ್ಕಾರದ ಜಾಲತಾಣ ಎಲ್ಲ ನಿಂತಿದ್ದ ಪುಟ್ಟ ದೇಶ, ಜನಸಂಖ್ಯೆ ಸುಮಾರು 13 ಲಕ್ಷ. ಆಮೇಲೆ ಲಕ್ಸೆಂಬರ್ಗಿನಲ್ಲಿ ‘ಡೇಟಾ ರಾಯಭಾರ ಕಚೇರಿ’ ಅಂತಲೇ ಮಾಡಿಕೊಂಡಿತು. ಯಂತ್ರ ಅಲ್ಲಿರುತ್ತದೆ, ಅಧಿಕಾರ ಎಸ್ಟೋನಿಯಾದ್ದು.

ಆದರೆ ಹೊರಗಿನವರನ್ನು ನಂಬುವುದಕ್ಕೂ ಬೆಲೆ ಇದೆ. 2025ರ ಜುಲೈನಲ್ಲಿ ಗುಜರಾತಿನಲ್ಲಿ ತೈಲ ಸಂಸ್ಕರಣಾಗಾರ ಇರುವ ನಯಾರಾ ಎನರ್ಜಿ ಮೇಲೆ ಯುರೋಪ್ ನಿರ್ಬಂಧ ಹಾಕಿತು. ಮೈಕ್ರೋಸಾಫ್ಟ್ ತಾನು ಕೊಡುತ್ತಿದ್ದ ಸೇವೆಯನ್ನು ನಿಲ್ಲಿಸಿತು. ನಯಾರಾ ದೆಹಲಿ ಹೈಕೋರ್ಟಿಗೆ ಹೋದ ಮೇಲೆ ಸೇವೆ ವಾಪಸ್ ಬಂತು. ಯಾವ ಹ್ಯಾಕರೂ ಬೇಕಾಗಲಿಲ್ಲ ನೋಡಿ! ಹೊಸ ನೀತಿ ಬರೆಯುವವರು ಇದಕ್ಕೆ ಉತ್ತರ ಕೊಡಲೇಬೇಕು.

ಜನರ ವಿಷಯ. 5 ಲಕ್ಷ ಜನ ಅಂತ 2013ರಲ್ಲಿ ಬರೆದರಲ್ಲ, ಜನ ಇಲ್ಲದೇ ಇಲ್ಲ. ಬೆಂಗಳೂರಿನ ಮಾನ್ಯತಾ ಟೆಕ್ ಪಾರ್ಕ್, ವೈಟ್‌ಫೀಲ್ಡ್ ಕಡೆ ರಾತ್ರಿ ಹೋಗಿ, ದೀಪ ಉರಿಯುತ್ತಿರುತ್ತವೆ. ಹುಬ್ಬಳ್ಳಿ, ದಾವಣಗೆರೆ, ಕಲಬುರಗಿಯ ಹುಡುಗ ಹುಡುಗಿಯರು ಪರದೆ ಮುಂದೆ ಕೂತು ಅಮೆರಿಕದ ಬ್ಯಾಂಕುಗಳನ್ನು ರಾತ್ರಿಯಿಡೀ ಕಾಯುತ್ತಿರುತ್ತಾರೆ. ನಮ್ಮ ತಾಲ್ಲೂಕು ಕಚೇರಿ ಕಾಯೋಕೆ ಬಂದರೆ ಅಷ್ಟು ಸಂಬಳ ಸಿಗಲ್ಲ. ಎಸ್ಟೋನಿಯಾದವರು ಇದಕ್ಕೊಂದು ಉಪಾಯ ಮಾಡಿದ್ದಾರೆ. ಖಾಸಗಿ ಕಂಪನಿಯಲ್ಲಿ ದುಡಿಯುವವರೇ ಬಿಡುವಿನ ಹೊತ್ತಲ್ಲಿ ಸ್ವಯಂಸೇವಕ ಸೈಬರ್ ದಳದಲ್ಲಿ ತರಬೇತಿ ಪಡೆಯುತ್ತಾರೆ, ನಮ್ಮ ಟೆರಿಟೋರಿಯಲ್ ಆರ್ಮಿಯ ಹಾಗೆ. ನಮ್ಮಲ್ಲಿ ಇದನ್ನು ದೊಡ್ಡದಾಗಿ ಮಾಡಬೇಕು ಅಂತ ನಾನು ಹೇಳುತ್ತಲೇ ಬಂದಿದ್ದೇನೆ. ಕರ್ನಾಟಕ ಸರ್ಕಾರ 2024ರ ಆಗಸ್ಟ್ 1ರಂದು ತನ್ನದೇ ಸೈಬರ್ ಭದ್ರತಾ ನೀತಿ ತಂದಿದೆ. ಐದು ವರ್ಷಕ್ಕೆ ಸುಮಾರು 103.87 ಕೋಟಿ ರೂಪಾಯಿ ಲೆಕ್ಕ ಹಾಕಿದೆ. ಹಣದ ಅಂಕಿ ಬರೆದದ್ದಕ್ಕೇ ನನಗೆ ಅರ್ಧ ಖುಷಿ. ಉಳಿದರ್ಧ ಖರ್ಚು ನೋಡಿದ ಮೇಲೆ.

2025ರ ಮೇ ತಿಂಗಳಲ್ಲಿ, ಆಪರೇಷನ್ ಸಿಂಧೂರದ ದಿನಗಳಲ್ಲಿ, ಪಾಕಿಸ್ತಾನದ ಸೈಬರ್ ದಾಳಿಯಿಂದ ಭಾರತದ ಶೇಕಡಾ 70ರಷ್ಟು ವಿದ್ಯುತ್ ಜಾಲ ನಿಂತುಹೋಗಿದೆ ಅನ್ನುವ ಸಂದೇಶ ಹರಿದಾಡಿದ್ದು ನಿಮಗೂ ಬಂದಿರಬೇಕು. ಅದು ಸುಳ್ಳು ಅಂತ ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆ ಪಿಐಬಿ ಹೇಳಿತು. ನಿಮ್ಮ ಮಗ ಅವತ್ತು ಡ್ಯೂಟಿಯಲ್ಲಿದ್ದರೆ ಫ್ಯಾನ್ ತಿರುಗುತ್ತಾ ಇದ್ದದ್ದನ್ನು ನೋಡಿಯೇ ಗೊತ್ತಾಗಿರುತ್ತದೆ. ಆದರೆ ಎಷ್ಟು ಜನ ಫ್ಯಾನ್ ಕೆಳಗೆ ಕೂತೇ ಅದನ್ನು ಫಾರ್ವರ್ಡ್ ಮಾಡಿದರೋ.

ಈಗ ನಿಮ್ಮ ಮಗನ ವಿಷಯ. ನಾನು ಹೇಳಿದ 2021ರ ವಿದ್ಯುತ್ ಕ್ಷೇತ್ರದ ಮಾರ್ಗಸೂಚಿ ಕೇಂದ್ರೀಯ ವಿದ್ಯುತ್ ಪ್ರಾಧಿಕಾರದ್ದು. ಬ್ರೇಕರ್ ಮತ್ತು ಸ್ಕಾಡಾ (ದೂರದಿಂದಲೇ ಉಪಕರಣ ನೋಡಿ ನಿಯಂತ್ರಿಸುವ ಕಂಪ್ಯೂಟರ್ ವ್ಯವಸ್ಥೆ) ನಡೆಸುವ ಜಾಲ ಬೇರೆ ಇರಬೇಕು, ಇಂಟರ್ನೆಟ್ ಇರುವ ಕಚೇರಿ ಕಂಪ್ಯೂಟರ್ ಬೇರೆ ಇರಬೇಕು, ಎರಡಕ್ಕೂ ನಂಟು ಇರಬಾರದು ಅನ್ನುವುದು ಅದರ ಮುಖ್ಯ ಮಾತುಗಳಲ್ಲೊಂದು. ಪ್ರತಿ ಕಂಪನಿಯಲ್ಲೂ ಇದಕ್ಕೆ ಹೊಣೆಗಾರ ಅಧಿಕಾರಿ ಇರಬೇಕು. ಅವನ ಸ್ಟೇಷನ್‌ನಲ್ಲಿ ಎಷ್ಟು ಆಟೋಮ್ಯಾಟಿಕ್ ಇದೆಯೋ ಅವನಿಗೇ ಗೊತ್ತು. ಇಲ್ಲಿ ಒಂದಿಷ್ಟು ಪ್ರಶ್ನೆ ಬರೆಯುತ್ತೇನೆ, ರಾತ್ರಿ ಊಟದ ಹೊತ್ತಿಗೆ ಕೇಳಿ. ಕಂಟ್ರೋಲ್ ರೂಮಿನ ಕಂಪ್ಯೂಟರಿಗೆ ಯಾರಾದರೂ ಮೊಬೈಲ್ ಚಾರ್ಜ್ ಮಾಡೋಕೆ ಕೇಬಲ್ ಚುಚ್ಚುತ್ತಾರಾ? ಹೊರಗಿನಿಂದ ರಿಪೇರಿಗೆ ಬಂದವರು ತಮ್ಮ ಪೆನ್‌ಡ್ರೈವ್ ಹಾಕುತ್ತಾರಾ, ಹಾಕಿದರೆ ಅದನ್ನು ರಿಜಿಸ್ಟರಿನಲ್ಲಿ ಬರೆಯುತ್ತಾರಾ? ಪರದೆ ಪೂರ್ತಿ ಸತ್ತುಹೋದರೆ ಬ್ರೇಕರನ್ನು ಕೈಯಿಂದ ಹಾಕಿ ತೆಗೆಯುವುದನ್ನು ಅವನು ಕೊನೆಯ ಸಲ ಅಭ್ಯಾಸ ಮಾಡಿದ್ದು ಯಾವಾಗ? ಹೊಸದಾಗಿ ಸೇರಿದ ಹುಡುಗರಿಗೆ ಅದು ಬರುತ್ತಾ?

ಬಾಣ ತಾನಾಗಿ ಓಡಿದರೆ ಮೊದಲು ಯಾರಿಗೆ ಫೋನ್ ಮಾಡಬೇಕು ಅಂತಲೂ ಕೇಳಿ. ಆ ನಂಬರ್‌ಗಳ ಪಟ್ಟಿ ಎಲ್ಲಿದೆ ಅಂದಾಗ ‘ಕಂಪ್ಯೂಟರ್‌ನಲ್ಲಿದೆ ಅಪ್ಪ’ ಅಂದರೆ, ನಾಳೆ ಬೆಳಿಗ್ಗೆಯೇ ಒಂದು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸೋಕೆ ಹೇಳಿ.